ಗಿರಾಕಿಗಳ ಊಟ ಆದ ಮೇಲೆ

ಒಂಟಿ ವೃದ್ಧರ ಮನೆಗೆ ಹೋದಾಗ ಅಲ್ಲಿ ಏನನ್ನೂ ತಿನ್ನಬಾರದು, ಚಹಾ ಕೂಡ ಕುಡಿಯಬಾರದು ಎಂಬ ನಿಯಮವನ್ನು ನಮ್ಮ ಸಂಸ್ಥೆಯಲ್ಲಿ ಮಾಡಿದವಳು ನಾನೇ. ಜಂಬಕ್ಕೆ ಮಾಡಿದ್ದಲ್ಲ. ನಾವು ಬರುತ್ತೇವೆಂದು ಗೊತ್ತಾದರೆ ಸಾಕು, ತಮಗೇ ಹಾಲಿಲ್ಲದ ಮುದುಕಿಯರು ಪಕ್ಕದ ಮನೆಯಿಂದ ಹಾಲು ಕೇಳಿ ತಂದು ಚಹಾಕ್ಕೆ ಇಡುತ್ತಿದ್ದರು. ಕುಡಿದರೆ ಅವರ ಮಾನ ನೆರೆಯವರ ಕೈಗೆ, ಬಿಟ್ಟರೆ ಅವರಿಗೆ ಬೇಸರ. ಅದಕ್ಕೇ, ‘ಯಾರ ಮನೆಯಲ್ಲೂ ಏನೂ ಬೇಡ’ ಎಂದು ಗೆರೆ ಹಾಕಿಬಿಟ್ಟೆ. ಹೊಸದಾಗಿ ಬಂದ ಸ್ವಯಂಸೇವಕಿ ಯಾರಾದರೂ ಒಂದು ಬಿಸ್ಕತ್ತು ತಿಂದು ಬಂದರೂ ನನ್ನ ಬಾಯಿಗೆ ಸಿಕ್ಕಿ ಅತ್ತುಬಿಡುತ್ತಿದ್ದರು. ನನ್ನ ಬಾಯಿ ಅಷ್ಟು ಒಳ್ಳೆಯದಲ್ಲ.

ನಮ್ಮದು ಮುಂಬಯಿಯ ಸಯನ್‌ನ ಒಂದು ಹಳೆಯ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ನಡೆಯುವ ಸಣ್ಣ ಸಂಸ್ಥೆ. ಒಂದು ಅಡುಗೆಮನೆ, ಒಂದು ಮೇಜು, ಕಾಲು ಅಲ್ಲಾಡುವ ಕೆಲವು ಕುರ್ಚಿ. ಸುತ್ತಲಿನ ಕನ್ನಡ ಮನೆಗಳವರು ಅಕ್ಕಿ ಬೇಳೆ ಕೊಡುತ್ತಾರೆ. ನಾವು ಅಡುಗೆ ಮಾಡಿ, ಯಾರೂ ಇಲ್ಲದ ಮುದುಕರಿಗೆ ಮಧ್ಯಾಹ್ನದ ಊಟ ತಲುಪಿಸುತ್ತೇವೆ. ಡಬ್ಬಿ ಒಯ್ಯುವವಳು ವಿಜಯಪುರದ ಕಡೆಯ ಹೆಣ್ಣುಮಗಳು. ಮೊದಲು ಬಿಲ್ಡಿಂಗ್ ಕೆಲಸದಲ್ಲಿ ತಲೆ ಮೇಲೆ ಇಟ್ಟಿಗೆ ಹೊತ್ತವಳು, ಈಗ ಲೋಕಲ್ ರೈಲಿನಲ್ಲಿ ಎರಡು ಚೀಲ ಡಬ್ಬಿ ಹೊರುತ್ತಾಳೆ. ನನ್ನದು ಮನೆಭೇಟಿಯ ಕೆಲಸ. ಹೋಗುವುದು, ನೋಡುವುದು, ಕೇಳುವುದು, ಬೈಯುವುದು.

ಹೋಟೆಲ್ ಅಣ್ಣ ನಮಗೆ ಸಿಕ್ಕಿದ್ದು ಪರೇಲ್‌ನ ಒಂದು ಆಸ್ಪತ್ರೆಯ ಮೂಲಕ. ಅಲ್ಲಿನ ಸರ್ಜನ್ ಕನ್ನಡದವರು. ಫೋನ್ ಮಾಡಿ, “ಒಬ್ಬ ಅಜ್ಜ ಇದಾರೆ ಮೇಡಂ, ಹಿಂದೆ ಮುಂದೆ ಯಾರೂ ಇಲ್ಲ. ಹರ್ನಿಯಾ ದೊಡ್ಡದಾಗಿದೆ. ಯಾವತ್ತಾದರೂ ಕರುಳು ಸಿಕ್ಕಿಹಾಕಿಕೊಂಡ್ರೆ ಜೀವಕ್ಕೇ ಅಪಾಯ. ಆಪರೇಷನ್ ಮಾಡೋಣ ಅಂದ್ರೆ ಮೈಯಲ್ಲಿ ರಕ್ತವೇ ಇಲ್ಲ. ಚೆನ್ನಾಗಿ ತಿನ್ನಿಸಿ, ಸ್ವಲ್ಪ ಗಟ್ಟಿ ಮಾಡಿ ಕರ್ಕೊಂಡು ಬನ್ನಿ” ಎಂದರು. ಒಬ್ಬ ಮನುಷ್ಯನಿಗೆ ಹೊಟ್ಟೆ ತುಂಬ ಉಣ್ಣಿಸುವುದು, ಕೆಲಸ ಅಷ್ಟೇ. ಇದೇನು ಮಹಾ ಎಂದುಕೊಂಡೆ.

ಅವರಿದ್ದದ್ದು ಭಾಂಡುಪ್‌ನಲ್ಲಿ, ಗುಡ್ಡದ ಬದಿಯ ಒಂದು ಚಾಳಿನ ಕೊನೆಯ ಒಂಟಿಕೋಣೆಯ ಖೋಲಿಯಲ್ಲಿ. ಕರಾವಳಿಯಿಂದ ಹುಡುಗನಾಗಿ ಬಂದು ಮುಂಬಯಿಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ನಿಂತವರು. ಆಮೇಲೆ ನೀರು ಇಡುವ ಕೆಲಸ, ಆಮೇಲೆ ಬಡಿಸುವ ಕೆಲಸ. ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿ ಅದರ ಮೇಲೆಯೇ ಮಲಗುವುದು. ಮದುವೆ ಆಗಲಿಲ್ಲ, ಊರಲ್ಲಿ ಇದ್ದ ಅಕ್ಕ ತೀರಿದ ಮೇಲೆ ಊರೂ ಇಲ್ಲ. ಹೋಟೆಲಿದ್ದ ಕಟ್ಟಡ ಕೆಡವಿದಾಗ ಅಲ್ಲಿನ ಅಡುಗೆ ಭಟ್ಟರು ತಮ್ಮ ಖೋಲಿಗೆ ಕರೆತಂದಿದ್ದರು. ಭಟ್ಟರು ತೀರಿಕೊಂಡರು, ಇವರು ಉಳಿದರು. ಚಾಳಿನವರು ಹೊರಗೆ ಹಾಕಲಿಲ್ಲ, ಅದು ಅವರ ದೊಡ್ಡತನ. ಹೋಟೆಲಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವರನ್ನು ಅಣ್ಣ ಎಂದೆ.

“ಎಂತ ಕೊಡ್ಲಿ ಅಮ್ಮ? ನೀರು? ಚಾ?” ಮೊದಲ ದಿನ ನಾನು ಹೊಸ್ತಿಲು ದಾಟುವ ಮೊದಲೇ ಕೇಳಿದರು.

“ಏನೂ ಬ್ಯಾಡ್ರಿ ಅಣ್ಣಾ. ನೀವು ಕೂಡ್ರಿ, ತೋಳು ಅಳೀಬೇಕಾಗೇದ.”

ಕೂರಲಿಲ್ಲ. ಹೆಗಲ ಮೇಲೊಂದು ಒಗೆದ ಬಟ್ಟೆ, ಒಂದು ಕೈ ಗೋಡೆಗೆ, ಇನ್ನೊಂದು ಕೈ ತೊಡೆಸಂದಿಯ ಊತವನ್ನು ಒತ್ತಿಕೊಂಡು ನಿಂತೇ ಇದ್ದರು. ಭುಜ ಮತ್ತು ಮೊಣಕೈಯ ನಡುವೆ ಟೇಪು ಸುತ್ತಿದೆ. ನನ್ನ ಮಣಿಕಟ್ಟೇ ಅದಕ್ಕಿಂತ ದಪ್ಪವಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗೆ ಬೆಳ್ಳಗೆ.

“ನಿಮಗ ಊಟಕ್ಕ ಏನು ಸೇರತದ? ಹೇಳ್ರಿ, ಅದನ್ನ ಮಾಡಿಸ್ತೀನಿ.”

“ನಂಗೆ ಹಾಗೆಂತದ್ದೂ ಇಲ್ಲ ಅಮ್ಮ. ಉಳಿದದ್ದು ಆಗ್ತದೆ.”

ಸಂಕೋಚದ ಮಾತು ಎಂದುಕೊಂಡು ನಕ್ಕುಬಿಟ್ಟೆ.

ಅಡುಗೆಯವರ ಜೊತೆ ಕೂತು ಅವರಿಗೆಂದೇ ಬೇರೆ ಡಬ್ಬಿ ಗೊತ್ತು ಮಾಡಿದೆ. ಹಲ್ಲಿಲ್ಲದ ಬಾಯಿ, ಹಾಗಾಗಿ ಚಪಾತಿ ಬೇಡ; ಮೆತ್ತಗೆ ಬೆಂದ ಅನ್ನ, ಗಟ್ಟಿ ತೊವ್ವೆ, ಸೊಪ್ಪಿನ ಪಲ್ಯ, ಮೇಲೆ ನಿಂಬೆಹಣ್ಣಿನ ಹೋಳು, ಪುಡಿ ಮಾಡಿ ಕಟ್ಟಿದ ಶೇಂಗಾ ಉಂಡೆ. ಕಬ್ಬಿಣಾಂಶದ ಗುಳಿಗೆ ಊಟವಾದ ಮೇಲೆ. ಅದರ ಹಿಂದೆ ಮುಂದೆ ಚಹಾ ಕುಡಿಯಕೂಡದು, ಕುಡಿದರೆ ಗುಳಿಗೆ ನುಂಗಿದ್ದೂ ದಂಡ. ಎಲ್ಲವನ್ನೂ ಅವರಿಗೆ ಹೇಳಿದೆ, ಅವರು ತಲೆಯಾಡಿಸಿದರು. ಡಬ್ಬಿ ಪ್ರತಿದಿನ ತಿರುಗಿ ಬರುತ್ತಿತ್ತು, ತೊಳೆದು, ಒರೆಸಿ, ಥಳಥಳ ಹೊಳೆಯುತ್ತ. ಅಷ್ಟು ಚೊಕ್ಕಟವಾಗಿ ನಮ್ಮ ಬೇರೆ ಯಾರ ಡಬ್ಬಿಯೂ ಬರುತ್ತಿರಲಿಲ್ಲ.

ಆದರೆ ಟೇಪು ಮಾತ್ರ ಜಪ್ಪಯ್ಯ ಎಂದರೂ ಮುಂದೆ ಸರಿಯಲಿಲ್ಲ. ವಾರಗಳು ಹೋದವು, ತೋಳು ಇದ್ದಷ್ಟೇ ಇತ್ತು. ಒಂದು ಸಲವಂತೂ ಇನ್ನೂ ಇಳಿದಂತೆ ಕಂಡಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಮೊದಲು ಹಿಡಿಯುವುದು ಹತ್ತಿರ ಇದ್ದವರನ್ನು. ಡಬ್ಬಿಯವಳನ್ನು ಕರೆದು, “ದಾರ್ಯಾಗ ಎಲ್ಲ್ಯಾರ ಕಡಿಮಿ ಆಗತದೇನು?” ಎಂದು ಕೇಳಿಬಿಟ್ಟೆ.

ಅವಳ ಮುಖ ಕೆಂಪಾಯಿತು. “ಅಕ್ಕಾರ, ನಾನs ಒತ್ತಿ ಒತ್ತಿ ತುಂಬಿಸ್ಕೊಂಡು ಒಯ್ತೀನಿ. ಆ ಮುತ್ಯಾನ ಬಾಯಾಗಿನ ತುತ್ತು ಕಸಗೊಂಡು ನಾ ಎಲ್ಲಿಗೆ ಹೋಗ್ಲಿ? ಹಿಂಗ ಅನಬ್ಯಾಡ್ರಿ” ಎಂದು ಚೀಲ ಎತ್ತಿಕೊಂಡು ಹೊರಟೇ ಹೋದಳು. ಆಮೇಲೆ ಬಹಳ ದಿನ ನನ್ನ ಜೊತೆ ಮಾತಿಲ್ಲ. ಅವಳದೂ ತಪ್ಪಲ್ಲ. ತುಂಬಿದ ಡಬ್ಬಿ ಇಟ್ಟು, ಹಿಂದಿನ ದಿನದ್ದನ್ನು ಎತ್ತಿಕೊಂಡು, ಮುಂದಿನ ಲೋಕಲ್ ಹಿಡಿಯಲು ಓಡುವವಳು. ಯಾರು ಹೇಗೆ ಉಂಡರು ಎಂದು ನಿಂತು ನೋಡಲು ಅವಳಿಗೆ ಪುರುಸೊತ್ತೆಲ್ಲಿ?

ಪಕ್ಕದ ಖೋಲಿಯ ಮರಾಠಿ ಹೆಂಗಸನ್ನು ಕೇಳಿದೆ. “ಆಜೋಬಾ? ರೋಜ್ ತಾಟ್ ಲಾವ್ತಾತ್ ನಾ!” ಎಂದಳು. ಅಜ್ಜ ದಿನಾ ತಟ್ಟೆ ಹಾಕಿಕೊಳ್ಳುತ್ತಾರಲ್ಲ ಎಂದು. ಸರಿ, ಹಾಗಾದರೆ ಉಂಡದ್ದು ಮೈಗೆ ಹತ್ತುತ್ತಿಲ್ಲ, ಒಳಗೆ ಏನೋ ರೋಗ ಇದೆ ಎಂದುಕೊಂಡು ಪರೀಕ್ಷೆಗಳಿಗೆ ಓಡಾಡಿಸಿದೆ. ಜಂತುಹುಳು ಇಲ್ಲ, ಸಕ್ಕರೆ ಇಲ್ಲ, ಕಫದಲ್ಲಿ ಟಿಬಿ ಇಲ್ಲ. ಎದೆಯ ಎಕ್ಸ್‌ರೇ ನೋಡಿ ಸರ್ಜನ್ ತುಟಿ ಕಚ್ಚಿದರು. “ಬೀಡಿ ಸೇದ್ತಾರಾ?” ಎಂದರು. ಇಲ್ಲ. ಹೋಟೆಲಿನ ಒಲೆಭಟ್ಟಿಯ ಹೊಗೆಯಲ್ಲಿ ಒಂದು ಆಯುಷ್ಯ ಕಳೆದವರ ಎದೆ ಅದು. “ಇದೂ ಒಂದು ಯೋಚನೆಯೇ. ಬೇಗ ಗಟ್ಟಿ ಮಾಡಿ” ಎಂದರು ಮತ್ತೆ.

ಈ ನಡುವೆ ಒಂದು ಬೆಳಿಗ್ಗೆ ಹೋದಾಗ ಅಣ್ಣ ನೆಲದ ಮೇಲೆ ಮಲಗಿ ಕಾಲೆರಡನ್ನೂ ಗೋಡೆಗೆ ಎತ್ತಿಟ್ಟಿದ್ದರು. ಊತ ಒಳಗೆ ಹೋಗುತ್ತಿರಲಿಲ್ಲ. ಮುಖದ ತುಂಬ ಬೆವರು. ನಾನು ಆಂಬ್ಯುಲೆನ್ಸಿಗೆ ಫೋನ್ ಹಚ್ಚುವಷ್ಟರಲ್ಲಿ ಅದು ತಾನಾಗಿಯೇ ಸರಿಯಿತು. “ಹೋಯ್ತು, ಹೋಯ್ತು. ಎಂತ ಇಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದರು. ಅವತ್ತು ನಿಜವಾಗಿಯೂ ಹೆದರಿದೆ. ಇನ್ನೊಂದು ಸಲ ಹೀಗಾಗಿ ಸರಿಯದೆ ಹೋದರೆ?

ನಾನು ಭಾಂಡುಪ್‌ಗೆ ಹೋಗುತ್ತಿದ್ದದ್ದು ಯಾವಾಗಲೂ ಬೆಳಗಿನ ಹೊತ್ತು. ಮಾರನೆಯ ದಿನ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋದೆ.

ಬಾಗಿಲು ತೆರೆದಿತ್ತು. ಮೂಲೆಯಲ್ಲಿದ್ದ ಸ್ಟೂಲನ್ನು ನಡುವೆ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿದ್ದರು. ಮೇಲೆ ಸ್ಟೀಲ್ ತಟ್ಟೆ. ಅನ್ನ, ತೊವ್ವೆ, ಪಲ್ಯ, ನಿಂಬೆಹೋಳು, ಉಂಡೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಬಲಕ್ಕೆ ನೀರಿನ ಲೋಟ. ಅಣ್ಣ ತಟ್ಟೆಯ ಮುಂದೆ ಕೂತಿರಲಿಲ್ಲ. ಬಾಗಿಲ ಬಳಿ ನಿಂತು ಓಣಿಯನ್ನು ನೋಡುತ್ತಿದ್ದರು. ಓಣಿಯ ಆಚೆ ಒಂದು ಬಿಲ್ಡಿಂಗ್ ಏಳುತ್ತಿತ್ತು. ಅಲ್ಲಿಂದ ಸಿಮೆಂಟ್ ಮೆತ್ತಿದ ಮೈಯ ಕೂಲಿಯವನೊಬ್ಬ ಬಂದ. “ಬನ್ನಿ, ಬನ್ನಿ, ಬಿಸಿ ಉಂಟು” ಎಂದು ಕರೆದು ಕೂರಿಸಿದರು. ಅವನು ಉಂಡ. ಇವರು ಪಕ್ಕದಲ್ಲಿ ನಿಂತು “ಇನ್ನೂ ಸ್ವಲ್ಪ ಹಾಕ್ಲಾ?” ಎಂದು ಕೇಳಿ ಕೇಳಿ ಬಡಿಸಿದರು. ಅವನು ಕೈತೊಳೆದು ಹೋದ ಮೇಲೆ ತಟ್ಟೆ ಬೆಳಗಿ, ಸ್ಟೂಲ್ ಒರೆಸಿ, ಡಬ್ಬಿಯ ತಳದಲ್ಲಿ ಉಳಿದಿದ್ದ ತುತ್ತಿಗೆ ನೀರು ಬೆರೆಸಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು ಉಂಡರು. ನಾನು ಬಾಗಿಲ ಹೊರಗೆ, ಅವರಿಗೆ ಕಾಣದಂತೆ ಗೋಡೆಯ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದೆ. ಮೈಯೆಲ್ಲ ಉರಿದುಹೋಯಿತು.

“ಅಣ್ಣಾ! ಏನ್ರಿ ಇದು? ನಿಮಗಂತ ಕಳಸಿದ್ದನ್ನ ದಾನ ಮಾಡಾಕ ಕುಂತೀರೇನು?”

ಬೆಚ್ಚಿಬಿದ್ದು ಎದ್ದು ನಿಂತರು. “ದಾನ ಎಂತ ಅಮ್ಮ? ನಂಗೆ ದಾನ ಮಾಡ್ಲಿಕ್ಕೆ ಎಂತ ಉಂಟು?”

“ಮತ್ತ?”

“ಗಿರಾಕಿಗಳದ್ದು ಆಗ್ಬೇಕಲ್ಲ ಮೊದಲು. ಹೋಟೆಲಿನ ಹುಡುಗರದ್ದು ಕೊನೆಗೆ. ಯಾರಾದ್ರೂ ಉಂಡ ಮೇಲೆ ನಂಗೆ ಇಳಿತದೆ. ಮೊದಲೇ ಕೂತ್ರೆ ಗಂಟಲಲ್ಲೇ ನಿಲ್ತದೆ. ನೋಡಿದ್ದೇನೆ ನಾನು, ಆಗುದಿಲ್ಲ.”

“ಯಾರೂ ಬರಲಿಲ್ಲಾಂದ್ರ?”

“ಕಾಯ್ತೇನೆ. ಹಳಸಿದ್ರೆ ಚೆಲ್ಲುದು. ಎಂತ ಮಾಡುದು?” ಎಂದರು.

ಉಳಿದದ್ದು ಆಗ್ತದೆ ಎಂದು ಮೊದಲ ದಿನವೇ ಹೇಳಿದ್ದರಲ್ಲ, ನಾನೇ ಕಿವಿ ಕೊಡಲಿಲ್ಲ. ಸಯನ್‌ಗೆ ಹಿಂದಿರುಗುವಾಗ ಲೋಕಲ್‌ನಲ್ಲಿ ಕಿಟಕಿಗೆ ತಲೆ ಆನಿಸಿ ಅತ್ತೆ. ಸಂಜೆ ಡಬ್ಬಿಯವಳ ಕೈ ಹಿಡಿದು, “ನಂದು ತಪ್ಪಾತವ್ವಾ” ಎಂದೆ. “ಹೋಗ್ಲಿ ಬಿಡ್ರಿ ಅಕ್ಕಾರ. ಮುತ್ಯಾನ ಹೊಟ್ಟಿಗೆ ಏನರ ದಾರಿ ನೋಡ್ರಿ” ಎಂದಳು.

ದಾರಿ ಸುಲಭಕ್ಕೆ ಸಿಗಲಿಲ್ಲ. ಎರಡು ಡಬ್ಬಿ ಕಳಿಸಿದೆ, ಅಣ್ಣ ಇಬ್ಬರು ಗಿರಾಕಿಗಳನ್ನು ಕರೆದರು. ಪಕ್ಕದ ಮರಾಠಿ ಹೆಂಗಸಿಗೆ ಎದುರು ಕೂತು ಉಣ್ಣಿಸಲು ಹೇಳಿದೆ, ಅವರು ಅವಳ ಮಕ್ಕಳಿಗೆ ಬಡಿಸಿ ಕಳಿಸಿದರು. ಬೈದೆ, ಗದರಿಸಿದೆ, ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಎಲ್ಲಕ್ಕೂ “ಆಯ್ತಮ್ಮ, ಆಯ್ತಮ್ಮ”. ನನ್ನೆದುರು ಬಲವಂತಕ್ಕೆ ಒಂದು ತುತ್ತು ಬಾಯಿಗಿಟ್ಟರು, ಅದು ಕೆಮ್ಮಾಗಿ ಹೊರಗೆ ಬಂತು. ಸುಳ್ಳಲ್ಲ, ನಿಜವಾಗಿಯೂ ಇಳಿಯುತ್ತಿರಲಿಲ್ಲ.

ಆಗ ನಾನು ಸ್ಟೂಲಿನ ಮುಂದೆ ಕೂತೆ. ಯೋಚನೆ ಮಾಡಿ ಕೂತದ್ದಲ್ಲ, ಬೇಸತ್ತು ಕೂತದ್ದು. ಕೈಚೀಲದಲ್ಲಿ ಮನೆಯಿಂದ ಕಟ್ಟಿಕೊಂಡು ಬಂದ ನನ್ನ ಬುತ್ತಿಯಿತ್ತು. ಅದನ್ನು ಅವರ ಕೈಗೆ ಕೊಟ್ಟು, “ಅಣ್ಣಾ, ನನಗ ಹಸಿವಿ ಆಗೇದ. ಬಡಸ್ರಿ” ಎಂದೆ.

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ತಟ್ಟೆ ಬಂತು, ನೀರು ಬಂತು. ರೊಟ್ಟಿ ಮುರಿದು ಪಲ್ಯದ ಪಕ್ಕಕ್ಕಿಟ್ಟರು. ನಾನು ಉಂಡು ಮುಗಿಸಿ, ಕೈತೊಳೆದು, ಎದ್ದು ಹೋಗಿ ಖೋಲಿಯ ಬಾಗಿಲನ್ನು ಅರ್ಧ ಮುಚ್ಚಿದೆ. “ಗಿರಾಕಿ ಊಟ ಆತು. ಹೋಟೆಲ್ ಬಂದ್. ಇನ್ನ ನಿಮ್ಮದು.” ಅಣ್ಣ ಹೆಗಲ ಬಟ್ಟೆಯಿಂದ ಸ್ಟೂಲ್ ಒರೆಸಿದರು. ಆಮೇಲೆ ಮೂಲೆಗೆ ಹೋಗಿ ಕೂತು, ಡಬ್ಬಿಯಲ್ಲಿದ್ದದ್ದನ್ನು ಅಷ್ಟೂ ಉಂಡರು. ಉಂಡೆಯನ್ನೂ ಬಿಡಲಿಲ್ಲ.

ನಮ್ಮ ಕಾರ್ಯದರ್ಶಿಗಳು ರಿಟೈರ್ಡ್ ಆಫೀಸರು, ಶಿಸ್ತಿನ ಮನುಷ್ಯ. “ನಿಮ್ದೇ ರೂಲು, ನೀವೇ ಮುರೀತೀರಾ? ನಾಳೆ ಎಲ್ಲರೂ ಎಲ್ಲರ ಮನೆಯಲ್ಲಿ ಊಟಕ್ಕೆ ಕೂತರೆ?” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. “ನನ್ನ ಬುತ್ತಿ ನಾನು ಉಣ್ಣತೀನ್ರಿ. ಬಡಸೋದು ಅಷ್ಟ ಅವರು. ಆ ಮನುಷ್ಯಗ ಬೇಕಾಗಿದ್ದು ಅನ್ನ ಅಲ್ಲ, ಒಬ್ಬ ಗಿರಾಕಿ. ಅದನ್ನ ಕೊಡಾಕ ಆಗಲಿಲ್ಲಾಂದ್ರ ನಾವು ಡಬ್ಬಿ ಕಳಸೂದು ಬಿಡೂಣು” ಎಂದು ಜೋರು ಮಾಡಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಮಧ್ಯಾಹ್ನದ ಭೇಟಿ ಎಲ್ಲಾ ಭಾಂಡುಪ್ ಕಡೆ ಹಾಕ್ಕೊಳ್ಳಿ” ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದಿನ ದಿನಗಳು ನನ್ನ ಕೆಲಸದಲ್ಲೇ ಸುಖದ ದಿನಗಳು. ನಾನು ಹೋಗಲಾಗದ ದಿನ ಡಬ್ಬಿಯವಳು ಗಿರಾಕಿ. ಭಾನುವಾರ ಮರಾಠಿ ಹೆಂಗಸು ತನ್ನ ತಟ್ಟೆ ಹಿಡಿದು ಬಂದು ಕೂರುತ್ತಿದ್ದಳು. ಅಣ್ಣ ನನ್ನನ್ನು ಬೈಯತೊಡಗಿದರು: “ರೊಟ್ಟಿ ಬಿಡ್ಬೇಡಿ ಮಾರಾಯ್ತಿ, ನೀವು ಬಿಟ್ರೆ ನಾನು ಮಾಡಿದ್ದು ಸರಿಯಾಗ್ಲಿಲ್ಲ ಅಂತ ಆಗ್ತದೆ.” “ನೀವೆಲ್ಲಿ ಮಾಡೀರಿ? ನಾನs ಮಾಡಿಕೊಂಡು ಬಂದೀನಿ” ಎಂದರೆ ಬಾಯಿ ತುಂಬ ನಗು. ಟೇಪು ಮೆಲ್ಲಗೆ ಸಡಿಲಿಸಬೇಕಾಯಿತು. ಕಣ್ಣಿನ ರೆಪ್ಪೆಯೊಳಗೆ ಕೆಂಪು ಕಂಡಿತು. ರಕ್ತ ಪರೀಕ್ಷೆ ನೋಡಿ ಸರ್ಜನ್ ಆಪರೇಷನ್‌ಗೆ ದಿನ ಕೊಟ್ಟರು.

ವಾರ್ಡಿನಲ್ಲಿ ಅವರಿಗೆ ಊಟದ ಚಿಂತೆಯೇ ಇರಲಿಲ್ಲ. ಊಟದ ಗಾಡಿ ಬಂದರೆ ಸಾಕು, ಅಕ್ಕಪಕ್ಕದ ಮಂಚದವರಿಗೆ ಎತ್ತಿಕೊಟ್ಟು, ಎಲ್ಲರದೂ ಆದ ಮೇಲೆ ತಾವು ಉಣ್ಣುತ್ತಿದ್ದರು. “ಇಲ್ಲಿ ವ್ಯಾಪಾರ ಜೋರುಂಟು ಅಮ್ಮ” ಎಂದರು. ಆಪರೇಷನ್ ಚೆನ್ನಾಗಿಯೇ ಆಯಿತು. ಕರುಳು ತನ್ನ ಜಾಗಕ್ಕೆ ಹೋಯಿತು, ಹೊಲಿಗೆ ಒಣಗುತ್ತ ಬಂತು. ಆದರೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಸರ್ಜನ್ ಮಾಡುವುದೆಲ್ಲ ಮಾಡಿದರು. ಭಟ್ಟಿಯ ಹೊಗೆ ಕುಡಿದ ಎದೆಗೆ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಅವತ್ತು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ಚಮಚ ತುಟಿಗೆ ತಂದರೆ ಮುಖ ತಿರುಗಿಸಿದರು.

“ನಿಮ್ಮದು ಆಯ್ತಾ?” ದನಿ ಕೇಳಿಸುವುದೇ ಕಷ್ಟವಿತ್ತು.

“ಆತ್ರಿ ಅಣ್ಣಾ.”

“ಸುಳ್ಳು. ಉಂಡವರ ಮುಖ ನಂಗೆ ಗೊತ್ತುಂಟು.”

ಬಟ್ಟಲು ಇಟ್ಟು ಕೆಳಗೆ ಓಡಿದೆ. ಗೇಟಿನ ಹೊರಗಿನ ಗಾಡಿಯಲ್ಲಿ ವಡಾಪಾವ್ ತೆಗೆದುಕೊಂಡು ನಿಂತಲ್ಲೇ ನುಂಗಿದೆ. ಕಣ್ಣೀರು ಸುರಿಯುತ್ತಿತ್ತು, ಖಾರಕ್ಕೆ ಎಂದುಕೊಂಡಿರಬೇಕು ಗಾಡಿಯವನು, ನೀರು ಕೊಟ್ಟ. ಮೇಲೆ ಬಂದು ಅವರ ಮುಖದ ಹತ್ತಿರ ಬಾಗಿ, “ಈಗ ಖರೇನs ಆತು. ವಡಾಪಾವ್” ಎಂದೆ. ನನ್ನ ಮುಖವನ್ನೇ ನೋಡಿ, ಬಾಯಿ ತೆರೆದರು. ಎರಡು ಚಮಚ ಗಂಜಿ ಇಳಿಯಿತು. ಸಾಕು ಎಂದು ಕೈ ಆಡಿಸಿದರು. ಮರುದಿನ ನಸುಕಿನಲ್ಲಿ ಹೋಗಿಬಿಟ್ಟರು.

ವಾರಸುದಾರರಿಲ್ಲದ ದೇಹವನ್ನು ಬಿಡಿಸಿಕೊಳ್ಳುವ ಓಡಾಟ ನನಗೆ ಹೊಸದಲ್ಲ; ಪೊಲೀಸ್ ಠಾಣೆ, ಆಸ್ಪತ್ರೆ, ಮತ್ತೆ ಠಾಣೆ. ಕಾರ್ಯದರ್ಶಿಗಳು ಜೊತೆಗೇ ಇದ್ದರು. ವಿದ್ಯುತ್ ಚಿತಾಗಾರದಲ್ಲಿ ಚಾಳಿನ ಗಂಡಸರು ಹೆಗಲು ಕೊಟ್ಟರು.

ಹತ್ತನೆಯ ದಿನ ಎಡೆ ಇಡಬೇಕು ಎಂದಳು ಮರಾಠಿ ಹೆಂಗಸು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಇಡುವುದು ಪದ್ಧತಿ. ಏನು ಮಾಡುವುದು? ಅವಳು, ಡಬ್ಬಿಯವಳು, ನಾನು, ಮೂವರೂ ಮುಖ ಮುಖ ನೋಡಿಕೊಂಡೆವು. ಅವರಿಗೆ ಏನು ಇಷ್ಟ ಎಂಬುದು ಈ ಮುಂಬಯಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಡಬ್ಬಿಯ ಊಟವನ್ನೇ ತಂದು, ಅವರದೇ ಸ್ಟೀಲ್ ತಟ್ಟೆಯಲ್ಲಿ ಬಡಿಸಿ, ಚಾಳಿನ ಹಿಂದಿನ ನೀರಿನ ಟಾಕಿಯ ಕಟ್ಟೆಯ ಮೇಲೆ ಇಟ್ಟು ದೂರ ನಿಂತೆವು. ಕಾಗೆ ಮುಟ್ಟುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ.

ಕಾಗೆಗಳಿದ್ದವು. ತಗಡಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು. ಮರಾಠಿ ಹೆಂಗಸು ಕೈಮುಗಿದು ಏನೇನೋ ಬೇಡಿಕೊಂಡಳು. “ಆಜೋಬಾಂಚ ಕಾಹೀತರೀ ರಾಹಿಲಂಯ್” ಎಂದಳು, ಅಜ್ಜನದು ಏನೋ ಆಸೆ ಉಳಿದಿದೆ ಎಂದು. ಕಾರ್ಯದರ್ಶಿಗಳು ಕೈಗಡಿಯಾರ ನೋಡಿಕೊಂಡು ಮತ್ತೆ ಆಕಾಶ ನೋಡಿದರು.

ಡಬ್ಬಿಯವಳು ನನ್ನ ಸೆರಗು ಜಗ್ಗಿದಳು. “ಅಕ್ಕಾರ, ನಾವು ಉಂಡಿಲ್ಲಲ್ರಿ.”

ಅವಳ ಮುಖ ನೋಡಿದೆ. ಅವಳೇ ಉಳಿದ ಡಬ್ಬಿ ಬಿಚ್ಚಿದಳು. ಮರಾಠಿ ಹೆಂಗಸು “ಅಗ ಬಾಯಿ, ಆಧೀ ಕಸಂ?” ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು, ಮೊದಲೇ ಹೇಗೆ ಉಣ್ಣುವುದು ಎಂದು ಗಾಬರಿ ಅವಳಿಗೆ. ನಾವಿಬ್ಬರೂ ಟಾಕಿಯ ನೆರಳಿನಲ್ಲಿ ಕೂತು ಕೈ ಹಾಕಿದೆವು. ಸ್ವಲ್ಪ ಹೊತ್ತು ನಿಂತು ನೋಡಿ ಮರಾಠಿ ಹೆಂಗಸೂ ಬಂದು ಕೂತಳು. ಎಲ್ಲರಿಗಿಂತ ಕೊನೆಗೆ, ಪ್ಯಾಂಟು ಮೇಲಕ್ಕೆ ಸರಿಸಿಕೊಂಡು, ಕಾರ್ಯದರ್ಶಿಗಳು. ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು, ಆದರೂ ಉಂಡೆವು, ಒಂದು ಅಗುಳೂ ಬಿಡದೆ.

ನಲ್ಲಿಯಲ್ಲಿ ಕೈತೊಳೆಯುವಾಗ ಹಿಂದೆ ಸದ್ದಾಯಿತು. ಒಂದು ಕಾಗೆ ತಟ್ಟೆಯ ಅಂಚಿಗೆ ಇಳಿದಿತ್ತು. ನಾವೆಲ್ಲ ಎದ್ದು ದೂರ ಸರಿದದ್ದಕ್ಕೇ ಇಳಿಯಿತೇನೋ, ನನಗೆ ಗೊತ್ತಿಲ್ಲ. ಡಬ್ಬಿಯವಳು ಗೋಡೆ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡೆ.

“ನಮ್ಮದು ಆತ್ರಿ ಅಣ್ಣಾ. ಹೋಟೆಲ್ ಬಂದ್. ಸಾವಕಾಶ ಉಣ್ರಿ” ಎಂದೆ.